ಜೀವಸಂಕುಲಕ್ಕೂ ಒಂದು ಪಹಣಿ ಬೇಕು

ಸೊರಬ ತಾಲ್ಲೂಕಿನ ಕ್ಯಾಸನೂರು ಎಂಬ ಪುಟ್ಟ ಊರಿನ ಹೆಸರು ಜಗತ್ತಿನ ವೈದ್ಯಕೀಯ ಗ್ರಂಥಗಳಿಗೆ ಸೇರಿದ್ದು ಮಂಗಗಳ ಸಾವಿನ ಮೂಲಕ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಒಂದರ ಹಿಂದೊಂದು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನ ವಿಪರೀತ ಜ್ವರದಿಂದ ಹಾಸಿಗೆ ಹಿಡಿದರು. ಆಫ್ರಿಕದ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಆತಂಕ ವಿಜ್ಞಾನಿಗಳನ್ನು ಕಾಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಇದು ಉಣ್ಣೆಗಳ ಮೂಲಕ ಹರಡುವ ಹೊಸ ವೈರಾಣು ಎಂದು ಕಂಡುಹಿಡಿದರು. ನಾವಿಂದು ಮಂಗನಕಾಯಿಲೆ ಎನ್ನುವ ರೋಗ ಅದೇ.

ವಲಸೆ ಹಕ್ಕಿಗಳು ಸೈಬೀರಿಯದ ಕಡೆಯಿಂದ ಉಣ್ಣೆಗಳನ್ನು ಹೊತ್ತು ತಂದಿರಬಹುದೆಂಬ ಅನುಮಾನವೂ ಆಗ ಹುಟ್ಟಿಕೊಂಡಿತು. ಅದನ್ನು ಪರೀಕ್ಷಿಸುವ ಉದ್ದೇಶವೂ ಸೇರಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿ ಅವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಯನ್ನು ಕೈಗೊಂಡಿತು. ಹಕ್ಕಿಗಳ ಮೇಲಿನ ಆ ಅನುಮಾನ ದೃಢಪಡಲಿಲ್ಲ. ಆದರೆ ನಮ್ಮ ದೇಶಕ್ಕೆ ಬರುವ ವಲಸೆ ಹಕ್ಕಿಗಳ ಬಗ್ಗೆ ಇಂದು ನಾವು ತಿಳಿದಿರುವುದರಲ್ಲಿ ಬಹುಪಾಲಿನ ಅಡಿಪಾಯ ಆ ಕೆಲಸದಲ್ಲಿದೆ. ಸೊರಬದ ಕಾಡಿನಲ್ಲಿ ಸತ್ತ ಮಂಗಗಳನ್ನು ಹಳ್ಳಿಗರು ಗಮನಿಸಿದ್ದರಿಂದ ಇಷ್ಟೆಲ್ಲ ನಡೆಯಿತು.

ಮಂಗನಕಾಯಿಲೆಯ ಮುನ್ಸೂಚನೆಗೆ ಇಂದಿಗೂ ಅದೇ ದಾರಿ. ಕಾಡಂಚಿನಲ್ಲಿ ಮಂಗ ಸತ್ತರೆ ಮುಟ್ಟದೆ ಕೂಡಲೇ ತಿಳಿಸಿ ಎಂದು ಆರೋಗ್ಯ ಇಲಾಖೆ ಪ್ರತಿ ವರ್ಷ ಸಾರುತ್ತದೆ. ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ 2018-19ರಲ್ಲಿ ಈ ರೋಗ ಹಲವರ ಪ್ರಾಣ ತೆಗೆದದ್ದನ್ನು ಮಲೆನಾಡು ಮರೆತಿಲ್ಲ. ಸತ್ತ ಮಂಗದ ಸುದ್ದಿ ಎಷ್ಟು ಬೇಗ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಮುಟ್ಟುತ್ತದೆ, ಅದು ಯಾವ ದಿನ ಯಾವ ಸ್ಥಳದಲ್ಲಿ ಕಂಡಿತೆಂಬುದು ಎಷ್ಟು ನಿಖರವಾಗಿ ದಾಖಲಾಗುತ್ತದೆ ಎಂಬುದರ ಮೇಲೆ ಜೀವಗಳು ನಿಂತಿವೆ. ವನ್ಯಜೀವಿ ವೀಕ್ಷಣೆ ಎಂಬುದು ದುರ್ಬೀನು, ಕ್ಯಾಮೆರಾ ಇರುವ ಅನುಕೂಲಸ್ಥರ ಭಾನುವಾರದ ಹವ್ಯಾಸ ಎಂದು ಭಾವಿಸುವವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಅದೇ ಶಿಕಾರಿಪುರ-ಸೊರಬ ಸೀಮೆಯ ಅಂಬ್ಲಿಗೊಳ ಜಲಾಶಯವನ್ನು ಉದಾಹರಣೆಯಾಗಿ ಇಟ್ಟುಕೊಂಡು ಒಂದು ಪ್ರಶ್ನೆಯನ್ನು ಓದುಗರ ಮುಂದಿಡಬಯಸುತ್ತೇನೆ. ಈ ಜಲಾಶಯದ ನೀರಿನ ಮಟ್ಟ ಎಷ್ಟು, ಎಷ್ಟು ಜಮೀನಿಗೆ ನೀರುಣಿಸುತ್ತದೆ, ಕಾಲುವೆ ಎಲ್ಲಿ ಸೋರುತ್ತದೆ ಎಂಬುದಕ್ಕೆ ನೀರಾವರಿ ಇಲಾಖೆಯ ಬಳಿ ಲೆಕ್ಕವಿರುತ್ತದೆ. ಸುತ್ತಲಿನ ಜಮೀನು ಯಾರದು, ಮುಂಗಾರಿನಲ್ಲಿ ಯಾವ ಬೆಳೆ ಇಟ್ಟಿದ್ದಾರೆ ಎಂಬುದಕ್ಕೆ ಕಂದಾಯ ಇಲಾಖೆಯ ಬಳಿ ಪಹಣಿ ಇದೆ. ಆದರೆ ಈ ನೀರನ್ನೂ ಅದರ ಅಂಚಿನ ಕೆಸರನ್ನೂ ಹಿನ್ನೀರಿನ ಪೊದೆಗಳನ್ನೂ ಆಶ್ರಯಿಸಿ ಯಾವ ಯಾವ ಜೀವಿಗಳು ಬದುಕಿವೆ, ಹತ್ತು ವರ್ಷಗಳ ಹಿಂದೆ ಎಷ್ಟಿದ್ದವು, ಈಗ ಎಷ್ಟಿವೆ ಎಂದು ಕೇಳಿದರೆ ಉತ್ತರಕ್ಕೆ ಯಾವ ಕಚೇರಿಯ ಕದ ತಟ್ಟಬೇಕು?

ಖರಾಬು ಎಂಬ ಹಣೆಪಟ್ಟಿ

ನಮ್ಮ ಕಂದಾಯ ಲೆಕ್ಕದಲ್ಲಿ ಭೂಮಿಯನ್ನು ಅಳೆದದ್ದು ತೆರಿಗೆಯ ದೃಷ್ಟಿಯಿಂದ. ಸಾಗುವಳಿಗೆ ಬಾರದ್ದು ‘ಅ’ ಖರಾಬು. ಕೆರೆ, ದಾರಿ, ಸ್ಮಶಾನದಂತಹ ಸಾರ್ವಜನಿಕ ಉಪಯೋಗದ್ದು ‘ಬ’ ಖರಾಬು. ಕಂದಾಯ ತರದ ನೆಲಕ್ಕೆ ಕಂದಾಯವಿಲ್ಲ ಎಂಬಷ್ಟೇ ಇದರ ಮೂಲ ಅರ್ಥ. ಆದರೆ ಕಾಲಕ್ರಮದಲ್ಲಿ ಬೆಲೆಯಿಲ್ಲದ ನೆಲ ಎಂಬ ಅರ್ಥವೂ ಅದಕ್ಕೆ ಅಂಟಿಕೊಂಡಿತು. ಬೆಲೆಯಿಲ್ಲವೆಂದು ಬರೆದಿಟ್ಟದ್ದನ್ನು ಇನ್ನೊಂದು ಉದ್ದೇಶಕ್ಕೆ ಬಿಟ್ಟುಕೊಡುವಾಗ ಯಾವ ಆಡಳಿತವೂ ಹೆಚ್ಚು ಯೋಚಿಸುವುದಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಕಲಿಯುವ ಪಾಠವೊಂದಿದೆ: ಬೆಲೆ ನಮೂದಾಗದ ವಸ್ತುವನ್ನು ಮಾರುಕಟ್ಟೆ ಸೊನ್ನೆ ಎಂದೇ ಎಣಿಸುತ್ತದೆ. ಕೆರೆಯಂಗಳ, ಗೋಮಾಳ, ಕಾನುಗಳ ವಿಷಯದಲ್ಲಿ ಆಗಿರುವುದು ಇದೇ.

ನಾನು ಸೇವೆಯಲ್ಲಿದ್ದ ದಿನಗಳಲ್ಲಿ ಇಂತಹ ಭೂಮಿಯ ಬಳಕೆ ಬದಲಿಸುವ ಕಡತಗಳು ಅನೇಕ ಬಾರಿ ಮೇಜಿನ ಮೇಲೆ ಬಂದು ಹೋಗಿವೆ. ಸರ್ವೆ ನಂಬರು, ಚೆಕ್ಕುಬಂದಿ, ನಕ್ಷೆ ಎಲ್ಲವೂ ಅಚ್ಚುಕಟ್ಟಾಗಿರುತ್ತಿದ್ದವು. ವನ್ಯಜೀವಿಗಳ ಕುರಿತ ಸಾಲಿನಲ್ಲಿ ಮಾತ್ರ ‘ವಿಶೇಷವೇನೂ ಕಂಡುಬಂದಿಲ್ಲ’ ಎಂಬ ಒಂದೇ ವಾಕ್ಯ. ಬರೆದ ನೌಕರನನ್ನು ದೂರಿ ಪ್ರಯೋಜನವಿಲ್ಲ. ಆತ ಒಂದು ಮಧ್ಯಾಹ್ನ ಜೀಪಿನಲ್ಲಿ ಹೋಗಿ ಬಂದಿರುತ್ತಾನೆ. ಕಂಡುಬಂದಿಲ್ಲ ಎಂದದ್ದು ನಿಜವೇ. ಮಧ್ಯಾಹ್ನದ ಬಿಸಿಲಿನಲ್ಲಿ ನೀರುನಾಯಿ ಕಾಣುವುದಿಲ್ಲ. ಚಳಿಗಾಲದ ಗೊರವ ಹಕ್ಕಿಗಳು ಮೇ ತಿಂಗಳಿನಲ್ಲಿ ಇರುವುದಿಲ್ಲ. ವರ್ಷವಿಡೀ ಅಲ್ಲಿ ಓಡಾಡುವ ದನಗಾಹಿಗೂ ಮೀನುಗಾರನಿಗೂ ಗೊತ್ತಿರುವುದು ಆ ಕಡತಕ್ಕೆ ಸೇರಲು ದಾರಿಯೇ ಇರಲಿಲ್ಲ.

ಈ ಸೀಮೆಗೆ ದಾಖಲೆಯ ಪರಂಪರೆ ಇಲ್ಲವೆನ್ನುವಂತಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದಿರುವ ಸ್ತಂಭಶಾಸನ ಕದಂಬರ ಕಾಕುಸ್ಥವರ್ಮನು ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಅವನ ಮಗ ಶಾಂತಿವರ್ಮನ ಕಾಲದಲ್ಲಿ, ಐದನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿಯ ಪದ್ಯಗಳು ಕಲ್ಲಿನ ಮೇಲೇರಿದವು. ಕೆರೆ ಕಟ್ಟಿಸಿದ್ದನ್ನು ಬರೆದಿಡಬೇಕು ಎಂಬ ಅರಿವು ಇಲ್ಲಿ ಒಂದೂವರೆ ಸಾವಿರ ವರ್ಷ ಹಳೆಯದು. ಸೊರಬದ ಕಾನುಗಳದ್ದೂ ಇಂತಹದೇ ಕಥೆ. ಊರಿನವರು ದೇವರ ಹೆಸರಿನಲ್ಲಿ ಕಾಪಾಡಿಕೊಂಡು, ಕಾಳುಮೆಣಸು ಬೆಳೆದು, ಒರತೆಯ ನೀರನ್ನು ಗದ್ದೆಗೆ ಇಳಿಸಿಕೊಳ್ಳುತ್ತಿದ್ದ ಈ ನಿತ್ಯಹಸಿರು ತುಣುಕುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲೇ ವರದಿ ಬರೆದರು. ಅಂದಿನ ವರದಿ ಇರುವುದರಿಂದ ಇಂದು ಎಷ್ಟು ಕಾನು ಕರಗಿದೆ ಎಂದು ಹೋಲಿಸಲು ಸಾಧ್ಯವಾಗಿದೆ. ದಾಖಲೆಯ ಪ್ರಯೋಜನ ಇಷ್ಟೇ. ಆದರೆ ಇದು ಸಣ್ಣದಲ್ಲ.

ಕಾನೂನು ಇದೆ, ಪುಸ್ತಕವೂ ಇದೆ

ಜೀವಿಗಳ ದಾಖಲೆಗೆ ಕಾನೂನಿನ ಆಸರೆಯೂ ಇದೆ. ಜೀವವೈವಿಧ್ಯ ಕಾಯ್ದೆ 2002ರಲ್ಲಿ ಬಂತು. ಪ್ರತಿ ಸ್ಥಳೀಯ ಸಂಸ್ಥೆಯೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು, ಅದು ಊರಿನ ಜನರ ಜೊತೆ ಸೇರಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು ಎಂಬುದು ಅದರಡಿ ಬಂದ ವ್ಯವಸ್ಥೆ. ಈ ದಾಖಲೆಯ ಕಲ್ಪನೆಯನ್ನು 1990ರ ದಶಕದಲ್ಲಿ ಬೆಳೆಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರು ಪ್ರಮುಖರು. ಊರಿನವರ ತಿಳಿವಳಿಕೆಯನ್ನು ಊರಿನವರೇ ಬರೆದಿಟ್ಟುಕೊಂಡು, ಅದರ ಆಧಾರದ ಮೇಲೆ ಊರಿನ ಸಂಪತ್ತಿನ ಬಗ್ಗೆ ಊರಿನವರೇ ಮಾತನಾಡುವಂತಾಗಬೇಕು ಎಂಬುದು ಅವರ ಆಶಯವಾಗಿತ್ತು.

ಕಾಯ್ದೆ ಬಂದ ಮೇಲೆ ಬಹುಕಾಲ ದೇಶದ ಹೆಚ್ಚಿನ ಪಂಚಾಯಿತಿಗಳಲ್ಲಿ ಸಮಿತಿಗಳೇ ರಚನೆಯಾಗಲಿಲ್ಲ. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. 2020ರ ಜನವರಿ 31ರೊಳಗೆ ಸಮಿತಿ ಮತ್ತು ದಾಖಲೆ ಎರಡೂ ಪೂರ್ಣಗೊಳ್ಳಬೇಕು, ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕು ಎಂದು ಮಂಡಳಿ ಆದೇಶಿಸಿತು. ಆನಂತರ ದೇಶದಾದ್ಯಂತ ದಾಖಲೆಗಳು ಭರದಿಂದ ತಯಾರಾದವು. ನ್ಯಾಯಮಂಡಳಿಯ ಒತ್ತಡವಿಲ್ಲದಿದ್ದರೆ ಅಷ್ಟೂ ಆಗುತ್ತಿರಲಿಲ್ಲ ಎಂಬುದು ಸತ್ಯ. ಗಡುವಿಗೆ ಹೆದರಿ ಬರೆದ ಪುಸ್ತಕಕ್ಕೂ ಊರು ತನಗಾಗಿ ಬರೆದುಕೊಂಡ ಪುಸ್ತಕಕ್ಕೂ ವ್ಯತ್ಯಾಸವಿದೆ ಎಂಬುದೂ ಅಷ್ಟೇ ಸತ್ಯ. ಪ್ರಭೇದಗಳ ಪಟ್ಟಿಯನ್ನು ಒಮ್ಮೆ ತುಂಬಿಸಿ ಬೀರುವಿನಲ್ಲಿಟ್ಟರೆ ಅದು ಇತಿಹಾಸವಾಗುತ್ತದೆ. ಪ್ರತಿ ವರ್ಷ ಪರಿಷ್ಕರಿಸಿದರೆ ಮಾತ್ರ ಆಡಳಿತಕ್ಕೆ ಉಪಯೋಗಕ್ಕೆ ಬರುತ್ತದೆ. ಬೆಳೆಯ ಕಲಮನ್ನು ಒಮ್ಮೆ ಬರೆದು ಮುಂದಿನ ಮೂವತ್ತು ವರ್ಷ ತಿದ್ದದೆ ಬಿಟ್ಟ ಪಹಣಿಯನ್ನು ಯಾವ ರೈತ ಒಪ್ಪುತ್ತಾನೆ?

ಎಣಿಕೆಯನ್ನು ಬಿಡದೆ ಮುಂದುವರಿಸಿದರೆ ಏನಾಗುತ್ತದೆ ಎಂಬುದಕ್ಕೆ ನಿದರ್ಶನಗಳಿವೆ. ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ಬಂದೂಕು ಹಿಡಿದು ಹಕ್ಕಿ ಹೊಡೆಯುವ ರೂಢಿಯಿತ್ತು. 1900ರಲ್ಲಿ ಫ್ರಾಂಕ್ ಚಾಪ್ಮನ್ ಎಂಬ ಪಕ್ಷಿತಜ್ಞರು ಹೊಡೆಯುವ ಬದಲು ಎಣಿಸೋಣ ಎಂದರು. ಮೊದಲ ವರ್ಷ ಕೈಜೋಡಿಸಿದವರು 27 ಜನ. ಆ ಎಣಿಕೆ ಇಂದಿಗೂ ನಡೆಯುತ್ತಿದೆ. ನಮ್ಮಲ್ಲಿ 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾ ಜಲಪಕ್ಷಿ ಗಣತಿ ನಡೆಯುತ್ತಿದೆ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಗೆ ಆಧಾರವಾದದ್ದು ಸುಮಾರು 30 ಸಾವಿರ ಹಕ್ಕಿ ವೀಕ್ಷಕರ ಮೂರು ಕೋಟಿ ದಾಖಲೆಗಳು. ಅದು 942 ಪ್ರಭೇದಗಳನ್ನು ಪರಿಶೀಲಿಸಿತು. ಆದರೆ ದೀರ್ಘಾವಧಿಯ ಏರಿಳಿತವನ್ನು ಹೇಳಲು ಸಾಧ್ಯವಾದದ್ದು 338 ಪ್ರಭೇದಗಳ ಬಗ್ಗೆ ಮಾತ್ರ. ಅವುಗಳಲ್ಲಿ ಶೇ 60ರಷ್ಟು ಇಳಿಮುಖವಾಗಿವೆ. ಉಳಿದವುಗಳ ಗತಿ ಏನು ಎಂದು ಹೇಳಲು ಹಳೆಯ ಲೆಕ್ಕ ಸಾಲದು. ಇಂದು ಬರೆಯದ ಲೆಕ್ಕ ಇಪ್ಪತ್ತು ವರ್ಷಗಳ ನಂತರ ಯಾವ ಬೆಲೆ ಕೊಟ್ಟರೂ ಸಿಗುವುದಿಲ್ಲ.

ಕರ್ನಾಟಕದೊಳಗೆ ಕೊಕ್ಕರೆಬೆಳ್ಳೂರು ಇನ್ನೂ ಹತ್ತಿರದ ಪಾಠ. ಮಂಡ್ಯ ಜಿಲ್ಲೆಯ ಈ ಊರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ, ಆಲದ ಮರಗಳ ಮೇಲೆ ಗೂಡು ಕಟ್ಟುತ್ತವೆ. ಗೂಡಿರುವ ಮರದ ಹುಣಸೆ ಫಸಲನ್ನು ಬಿಟ್ಟುಕೊಡುವ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ನೀಡುವ ಪದ್ಧತಿ ಬಂತು. ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಪ್ರೇರಣೆಯಿಂದ 1994ರಲ್ಲಿ ಊರಿನ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು ಗೂಡುಗಳನ್ನು ಎಣಿಸಿದರು, ಕೆಳಗೆ ಬಿದ್ದ ಮರಿಗಳನ್ನು ಸಾಕಿದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. 2017ರ ಕೊನೆಯಲ್ಲಿ ಹೆಜ್ಜಾರ್ಲೆಗಳು ಸಾಯತೊಡಗಿದಾಗ ಮರದ ಕೆಳಗೇ ಬದುಕುವ ಜನರಿದ್ದ ಕಾರಣ ಸಾವುಗಳು ಬೇಗ ಗಮನಕ್ಕೆ ಬಂದವು. ಪರೀಕ್ಷೆಯಲ್ಲಿ ಜಂತುಹುಳುಗಳ ಬಾಧೆ ಪತ್ತೆಯಾಯಿತು. ಹಕ್ಕಿಯ ಜೊತೆ ಬಾಳುವ ಊರಿಗೆ ಪರಿಹಾರ, ಗೌರವ, ಅಧಿಕಾರ ಮೂರೂ ಸಿಕ್ಕರೆ ವೀಕ್ಷಣೆ ಉಳಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಅಂಬ್ಲಿಗೊಳದಲ್ಲಿ ಏನು ಮಾಡಬಹುದು?

ಅಂಬ್ಲಿಗೊಳದ ಸುತ್ತಲಿನವರು ಹಕ್ಕಿಗಳನ್ನು ಕಾಣಲು ದೂರ ಹೋಗಬೇಕಾದ ಜನರಲ್ಲ. ಸೊರಬ ತಾಲ್ಲೂಕಿನ ಗುಡವಿ ಕೆರೆ 1989ರಲ್ಲೇ ಪಕ್ಷಿಧಾಮವೆಂದು ಘೋಷಿತವಾಗಿದೆ. ಮಳೆಗಾಲದಲ್ಲಿ ಅಲ್ಲಿ ನೀರಿನೊಳಗೆ ನಿಂತ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಆದರೆ ಗೂಡು ಗುಡವಿಯಲ್ಲಿದ್ದರೂ ಆಹಾರಕ್ಕಾಗಿ ಈ ಹಕ್ಕಿಗಳು ಸುತ್ತಲಿನ ಗದ್ದೆ, ಕೆರೆ, ಹಳ್ಳಗಳನ್ನು ನಂಬಿವೆ. ಪಕ್ಷಿಧಾಮದ ಬೇಲಿಯೊಳಗೆ ಮಾತ್ರ ಎಣಿಸಿದರೆ ಅರ್ಧ ಲೆಕ್ಕವಷ್ಟೇ ಸಿಗುತ್ತದೆ. ಉಳಿದ ಅರ್ಧ ಸಾಮಾನ್ಯ ಕೆರೆಗಳ ದಂಡೆಯ ಮೇಲಿದೆ.

ಕೆಲಸದ ಕ್ರಮ ಸರಳವಾದದ್ದು. ಜಲಾಶಯದ ಸುತ್ತ ನಾಲ್ಕೈದು ಸ್ಥಳಗಳನ್ನು ಗುರುತಿಸಬೇಕು. ತಿಂಗಳಿಗೊಮ್ಮೆ, ಗೊತ್ತುಪಡಿಸಿದ ದಿನ, ಬೆಳಗಿನ ಅದೇ ಹೊತ್ತಿನಲ್ಲಿ, ಪ್ರತಿ ಸ್ಥಳದಲ್ಲೂ ಅಷ್ಟೇ ನಿಮಿಷ ನಿಂತು ಕಂಡದ್ದನ್ನು ಬರೆಯಬೇಕು. ನೀರಿನ ಮಟ್ಟ, ದಂಡೆಯಲ್ಲಿ ಕೆಸರು ಎಷ್ಟು ತೆರೆದಿದೆ, ಬಲೆ ಹಾಕಿದ್ದಾರೆಯೇ, ಗೂಡು ಅಥವಾ ಮರಿ ಕಂಡಿತೇ ಎಂಬುದೂ ಸೇರಬೇಕು. ಏನೂ ಕಾಣದ ದಿನ ‘ಇಲ್ಲ’ ಎಂದು ಬರೆಯಲೇಬೇಕು. ಕಂಡದ್ದು ಬೇರೆ, ಕೇಳಿದ್ದು ಬೇರೆ ಎಂದು ಎರಡು ಕಲಮುಗಳಿರಬೇಕು. ಹೆಸರು ತಿಳಿಯದ ಹಕ್ಕಿಗೆ ಊಹೆಯ ಹೆಸರು ಕೊಡುವುದಕ್ಕಿಂತ ‘ಗೊತ್ತಿಲ್ಲ’ ಎನ್ನುವುದು ಮೇಲು. ತಿಂಗಳಿಗೆ ಎರಡು ಗಂಟೆಯಂತೆ ವರ್ಷಕ್ಕೆ ಇಪ್ಪತ್ತನಾಲ್ಕು ಗಂಟೆಯ ಕೆಲಸವಿದು. ಒಂದು ಪ್ರೌಢಶಾಲೆ, ಒಂದು ಸ್ವಸಹಾಯ ಸಂಘ, ಇಬ್ಬರು ಮೀನುಗಾರರು ಮನಸ್ಸು ಮಾಡಿದರೆ ನಡೆಯುತ್ತದೆ.

ಸತ್ತ ಮಂಗಗಳಿಗೆ ಪ್ರತ್ಯೇಕ ಹಾಳೆಯೇ ಇರಲಿ. ಅದನ್ನು ಮುಟ್ಟದೆ, ದಿನ ಮತ್ತು ಸ್ಥಳ ಬರೆದು, ಅಂದೇ ಆಶಾ ಕಾರ್ಯಕರ್ತೆಗೆ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸುವ ಶಿಸ್ತು ಈ ಸೀಮೆಗೆ ಅತ್ಯಗತ್ಯ. ಇನ್ನೊಂದು ಎಚ್ಚರಿಕೆಯೂ ಬೇಕು. ಚಿಪ್ಪುಹಂದಿ, ನೀರುನಾಯಿಗಳಂತಹ ಕಳ್ಳಬೇಟೆಗೆ ಗುರಿಯಾಗುವ ಪ್ರಾಣಿಗಳ ನೆಲೆಯನ್ನು ಮೊಬೈಲ್ ಗುಂಪುಗಳಲ್ಲಿ ಹಂಚಬಾರದು. ಅವು ಸಮಿತಿಯ ಪುಸ್ತಕದಲ್ಲಿ ಗೋಪ್ಯವಾಗಿರಬೇಕು.

ಇಂತಹ ಲೆಕ್ಕ ಈಗಲೇ ಏಕೆ ಬೇಕು? ಶಿಕಾರಿಪುರ ತಾಲ್ಲೂಕಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಉಡುಗಣಿ-ತಾಳಗುಂದ-ಹೊಸೂರು ಏತ ನೀರಾವರಿಯಂತಹ ಯೋಜನೆಗಳನ್ನು ಕೆರೆ ತುಂಬಿಸಲು ಕೈಗೆತ್ತಿಕೊಳ್ಳಲಾಗಿದೆ. ಬರಗಾಲ ಕಂಡ ರೈತನಿಗೆ ಇದು ವರವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಸಿಗೆಯಲ್ಲಿ ಇಳಿಯುತ್ತಿದ್ದ ಕೆರೆಯಲ್ಲಿ ನೀರು ತುಂಬಿ ನಿಂತರೆ ಅಂಚಿನ ಕೆಸರು ಮುಳುಗುತ್ತದೆ. ಮುಳುಗಿ ಮೀನು ಹಿಡಿಯುವ ನೀರುಕಾಗೆಗೆ ಲಾಭ, ಕೆಸರು ಕೆದಕುವ ಗೊರವಗಳಿಗೆ ನಷ್ಟವಾಗಬಹುದು. ಭದ್ರಾ ಜಲಾಶಯದಲ್ಲಿ ರಿವರ್ ಟರ್ನ್ ಹಕ್ಕಿಗಳು ಬೇಸಿಗೆಯಲ್ಲಿ ನೀರು ಇಳಿದು ತೇಲಿದ ನಡುಗಡ್ಡೆಯ ಮೇಲೆ ಸಾವಿರಾರು ಸಂಖ್ಯೆಯಲ್ಲಿ ಮೊಟ್ಟೆಯಿಡುತ್ತವೆ. ಅಲ್ಲಿ ನೀರಿನ ಮಟ್ಟವೇ ಸಂತಾನದ ಪ್ರಶ್ನೆ. ಯಾವ ಕೆರೆಯಲ್ಲಿ ಎಷ್ಟು ಅಂಚನ್ನು ತೆರೆದಿಡಬೇಕು ಎಂದು ಎಂಜಿನಿಯರರಿಗೆ ಹೇಳಬೇಕಾದರೆ ನೀರು ತುಂಬುವ ಮುಂಚಿನ ಲೆಕ್ಕವೂ ನಂತರದ ಲೆಕ್ಕವೂ ಕೈಯಲ್ಲಿರಬೇಕು.

ಶಿವಮೊಗ್ಗ ಜಿಲ್ಲೆಯ ಅಕೇಶಿಯಾ ನೆಡುತೋಪುಗಳ ವಿವಾದದಲ್ಲಿಯೂ ಇದೇ ಕೊರತೆ ಕಾಡಿತು. ಮೈಸೂರು ಕಾಗದ ಕಾರ್ಖಾನೆಗೆ ಗುತ್ತಿಗೆ ನೀಡಿದ್ದ ಅರಣ್ಯ ಭೂಮಿಯ ಅವಧಿ 2020ರಲ್ಲಿ ಮುಗಿದಾಗ, ಆ ನೆಲವನ್ನು ಸಹಜ ಕಾಡಾಗಲು ಬಿಡಬೇಕೆಂದು ಮಲೆನಾಡಿನ ಜನ ಚಳವಳಿ ನಡೆಸಿದರು. ಅಕೇಶಿಯಾದ ನೆರಳಿನಲ್ಲಿ ಹಕ್ಕಿ ಕೂಗುವುದಿಲ್ಲ, ಒರತೆ ಬತ್ತಿತು ಎಂಬುದು ಅವರ ಅನುಭವದ ಮಾತು. ಅನುಭವ ಎಷ್ಟೇ ಗಟ್ಟಿಯಾಗಿದ್ದರೂ ದಿನಾಂಕವಿಲ್ಲದ ಮಾತು ಕಡತದಲ್ಲಿ ಹಗುರವಾಗುತ್ತದೆ. ಆಡಳಿತ ಕೇಳುವುದು ಯಾವ ಸರ್ವೆ ನಂಬರು, ಯಾವ ವರ್ಷ, ಎಷ್ಟು ಎಂದು.

ರೈತನ ಭಯಕ್ಕೆ ಉತ್ತರ

ಈ ಸಲಹೆಗೆ ಎದುರಾಗುವ ಮುಖ್ಯ ಆಕ್ಷೇಪವನ್ನು ನಾನು ಬಲ್ಲೆ. ‘ನಮ್ಮೂರಿನಲ್ಲಿ ಅಪರೂಪದ ಪ್ರಾಣಿ ಇದೆಯೆಂದು ನಾವೇ ಬರೆದುಕೊಟ್ಟರೆ ನಾಳೆ ನಮ್ಮನ್ನೇ ಒಕ್ಕಲೆಬ್ಬಿಸುವುದಿಲ್ಲವೇ?’ ಎಂದು ಬಗರ್‌ಹುಕುಂ ಸಾಗುವಳಿದಾರ ಕೇಳುತ್ತಾನೆ. ಈ ಭಯಕ್ಕೆ ಆಧಾರವಿದೆ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಿಂದ 2024ರವರೆಗೆ ಆರು ಬಾರಿ ಹೊರಬಿತ್ತು. ಉಪಗ್ರಹ ಚಿತ್ರ ನೋಡಿ ಹಳ್ಳಿಗಳ ಪಟ್ಟಿ ಮಾಡಿದ್ದಾರೆ, ತೋಟವನ್ನೂ ಕಾಡೆಂದು ಎಣಿಸಿದ್ದಾರೆ ಎಂಬ ದೂರು ಮಲೆನಾಡಿನಾದ್ಯಂತ ಕೇಳಿಬಂತು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ಆದರೆ ಈ ಪ್ರಸಂಗದಿಂದ ಕಲಿಯಬೇಕಾದ ಪಾಠ ದಾಖಲೆಯ ಪರವಾಗಿಯೇ ಇದೆ. ಊರಿನ ಕೈಯಲ್ಲಿ ಲೆಕ್ಕವಿಲ್ಲದಿದ್ದಾಗ ದೂರದಲ್ಲಿ ಕುಳಿತವರು ಆಕಾಶದಿಂದ ನೋಡಿ ಗೆರೆ ಎಳೆಯುತ್ತಾರೆ. ಈ ತೋಟ ನಮ್ಮ ಅಜ್ಜನ ಕಾಲದ್ದು, ಈ ಕಾನಿನಲ್ಲಿ ಮಂಗಟ್ಟೆ ಗೂಡು ಕಟ್ಟುತ್ತದೆ, ಈ ದಂಡೆಯಲ್ಲಿ ಡಿಸೆಂಬರಿನಲ್ಲಿ ಇಷ್ಟು ಬಾತುಗಳಿರುತ್ತವೆ ಎಂದು ವರ್ಷಗಳ ಪುಸ್ತಕ ತೋರಿಸಬಲ್ಲ ಊರಿನೊಡನೆ ಸರ್ಕಾರ ಬೇರೆಯೇ ರೀತಿ ಮಾತನಾಡಬೇಕಾಗುತ್ತದೆ. ಎಲ್ಲವನ್ನೂ ಕಾಪಾಡಬೇಕು ಎಂಬ ಹಟಕ್ಕೂ ಯಾವುದನ್ನೂ ಕಾಪಾಡಬೇಕಿಲ್ಲ ಎಂಬ ಹಟಕ್ಕೂ ನಡುವೆ, ನಿಖರವಾಗಿ ಯಾವುದನ್ನು ಕಾಪಾಡಬೇಕು ಎಂದು ತೋರಿಸುವ ಸಾಮರ್ಥ್ಯ ಇಂತಹ ಪುಸ್ತಕಕ್ಕಿದೆ.

ಆದರೂ ಭಯ ಹೋಗಲಾಡಿಸುವ ಹೊಣೆ ಸರ್ಕಾರದ್ದು. ಮೊದಲನೆಯದಾಗಿ, ಊರು ಬರೆದಿಟ್ಟ ವೀಕ್ಷಣೆಯನ್ನು ಬರೆದವರ ವಿರುದ್ಧ ಒತ್ತುವರಿ ಪ್ರಕರಣಕ್ಕೆ ಸಾಕ್ಷಿಯಾಗಿ ಬಳಸುವುದಿಲ್ಲವೆಂಬ ಸ್ಪಷ್ಟ ಸುತ್ತೋಲೆ ಹೊರಡಬೇಕು. ಎರಡನೆಯದಾಗಿ, ಕೆರೆ, ಗೋಮಾಳ, ಕಾನುಗಳ ಬಳಕೆ ಬದಲಿಸುವ ಪ್ರತಿ ಕಡತಕ್ಕೂ ಆ ಪಂಚಾಯಿತಿಯ ಜೀವವೈವಿಧ್ಯ ದಾಖಲೆಯ ಸಂಬಂಧಪಟ್ಟ ಪುಟಗಳ ಪ್ರತಿ ಲಗತ್ತಾಗಿರಲೇಬೇಕು; ಇಲ್ಲದಿದ್ದರೆ ಕಡತ ಮುಂದೆ ಹೋಗಬಾರದು. ಮೂರನೆಯದಾಗಿ, ಬೆಳೆಹಾನಿಯ ಪರಿಹಾರ ವಿಳಂಬವಿಲ್ಲದೆ ಸಿಗಬೇಕು. ರಾತ್ರಿಯೆಲ್ಲ ಹಂದಿ ಕಾಯ್ದ ರೈತನಿಂದ ಬೆಳಿಗ್ಗೆ ಜೀವದಯೆಯನ್ನು ಪುಕ್ಕಟೆಯಾಗಿ ನಿರೀಕ್ಷಿಸುವುದು ನ್ಯಾಯವಲ್ಲ. ಹಕ್ಕಿಯೂ ಕಾಡೂ ನಾಡಿನ ಎಲ್ಲರಿಗೂ ಲಾಭ ತರುವಾಗ ಅವುಗಳ ಖರ್ಚನ್ನು ಕಾಡಂಚಿನ ಒಂದು ಮನೆಯ ಮೇಲೆ ಹೊರಿಸಬಾರದೆಂಬುದು ಅರ್ಥಶಾಸ್ತ್ರವೂ ಹೌದು, ಸಾಮಾನ್ಯ ನೀತಿಯೂ ಹೌದು.

ಇವುಗಳಿಗೆ ಹೊಸ ಕಾಯ್ದೆ ಬೇಕಿಲ್ಲ. ದಾಖಲೆಯ ವ್ಯವಸ್ಥೆ ಕಾನೂನಿನಲ್ಲಿದೆ, ಪುಸ್ತಕವನ್ನು ಜೀವಂತವಾಗಿಡುವ ಕೆಲಸವೊಂದು ಬಾಕಿಯಿದೆ. ಅಂಬ್ಲಿಗೊಳದ ಸುತ್ತಲಿನ ಪಂಚಾಯಿತಿಗಳು ತಮ್ಮ ಮುಂದಿನ ಗ್ರಾಮಸಭೆಯಲ್ಲಿ ಆ ಪುಸ್ತಕವನ್ನು ಹೊರತೆಗೆದು ಜನರೆದುರು ಓದಲಿ. ದನಗಾಹಿಗಳು, ಮೀನುಗಾರರು, ಸೊಪ್ಪು ಸೌದೆಗೆ ಹೋಗುವ ಹೆಂಗಸರು ಅದರಲ್ಲಿ ಇಲ್ಲದ್ದನ್ನು ಹೇಳಲಿ, ತಪ್ಪಿದ್ದನ್ನು ತಿದ್ದಲಿ. ಚಳಿಗಾಲದ ವಲಸೆ ಹಕ್ಕಿಗಳು ಬರುವ ಮೊದಲು ಎಣಿಕೆಯ ದಿನವನ್ನು ಗೊತ್ತುಪಡಿಸಲಿ.